ತುಮಕೂರಿನೊಳಗೆ ಎಷ್ಟು ಕೋಲಾರ? ತಕ್ಕಡಿ ತಪ್ಪು ಲೆಕ್ಕ ಕೊಟ್ಟಾಗ ಎಲ್ಲಿ ಹುಡುಕಬೇಕು

ನಮ್ಮ ಶಾಲೆಯ ತಕ್ಕಡಿ ಒಂದು ದಿನ ತುಮಕೂರು ಜಿಲ್ಲೆ ಅಂದರೆ ಎರಡು ಕೋಲಾರ ಅಂತ ಲೆಕ್ಕ ಕೊಟ್ಟಿತು. ಅದು ತಪ್ಪು. ತುಮಕೂರು ಜಿಲ್ಲೆ 10,597 ಚದರ ಕಿಲೋಮೀಟರ್, ಕೋಲಾರ 3,969. ಭಾಗಿಸಿದರೆ 2.67 ಬರಬೇಕು. ನಮಗೆ ಬಂದದ್ದು 1.98.

ತಪ್ಪು ಇಷ್ಟು ದೊಡ್ಡದಾಗಿದ್ದರೆ ಒಳ್ಳೆಯದೇ, ಹುಡುಕಲು ಮನಸ್ಸು ಬರುತ್ತದೆ. ಆದರೆ 1.98 ಅನ್ನುವುದು "ಸರಿಯಾಗಿ ಎರಡು" ಅನ್ನೋ ಹಾಗಿತ್ತು. ಮಕ್ಕಳಿಗೆ ಖುಷಿಯಾಗಿ ಕಪ್ಪು ಹಲಗೆ ಮೇಲೆ ಬರೆದೂ ಬಿಟ್ಟರು. ಪುಸ್ತಕ ತೆಗೆದು ನೋಡದೇ ಇದ್ದರೆ ನಾನೂ ನಂಬಿಬಿಡುತ್ತಿದ್ದೆ.

ನಾನು ಮಧುಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆ ತಪ್ಪನ್ನು ಹಿಡಿಯಲು ನಮಗೆ ನಾಲ್ಕು ದಿನ ಬೇಕಾಯಿತು. ಕೈಯಲ್ಲಿ ಮಾಡಿದ ತಕ್ಕಡಿ ಇಟ್ಟುಕೊಂಡು ಏನನ್ನಾದರೂ ಹೋಲಿಸಲು ಹೊರಟವರಿಗೆ ಉಪಯೋಗ ಆಗಲಿ ಅಂತ, ಹುಡುಕಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು, ಜಿಲ್ಲೆಯನ್ನು ತೂಗುವುದು ಹೇಗೆ

ಒಂದೇ ದಪ್ಪದ ರಟ್ಟಿನಲ್ಲಿ ಎರಡು ಆಕಾರ ಕತ್ತರಿಸಿದರೆ, ಜಾಸ್ತಿ ಜಾಗ ಇರುವುದು ಜಾಸ್ತಿ ತೂಗುತ್ತದೆ. ಜಾಗ ಎರಡರಷ್ಟಾದರೆ ತೂಕವೂ ಎರಡರಷ್ಟು. ಅಂಚು ಎಷ್ಟೇ ಡೊಂಕಾಗಿರಲಿ, ತಕ್ಕಡಿಗೆ ಅದು ಲೆಕ್ಕಕ್ಕಿಲ್ಲ. ಗೆಲಿಲಿಯೊ ಕೂಡ ಇದೇ ಉಪಾಯ ಮಾಡಿದ್ದ. ಉರುಳುವ ಚಕ್ರದ ಅಂಚಿನ ಮೇಲಿನ ಒಂದು ಚುಕ್ಕೆ ಎಳೆಯುವ ಕಮಾನು ಇದೆಯಲ್ಲ, ಅದರ ಕೆಳಗಿನ ಜಾಗ ಆ ಚಕ್ರದ ಎಷ್ಟು ಪಟ್ಟು ಅಂತ ತಿಳಿಯಲು ಲೋಹದ ತಗಡು ಕತ್ತರಿಸಿ ತೂಗಿದ. ಮೂರರ ಹತ್ತಿರ ಬಂತು. ಸರಿಯಾಗಿ ಮೂರೇ ಇರಲಿಕ್ಕಿಲ್ಲ ಅಂದುಕೊಂಡ. ಸರಿಯಾಗಿ ಮೂರೇ ಅಂತ ಆಮೇಲೆ ಬೇರೆಯವರು ಗಣಿತದಲ್ಲಿ ಸಾಧಿಸಿ ತೋರಿಸಿದರು. ಅವನ ತಗಡು ಸುಳ್ಳು ಹೇಳಿರಲಿಲ್ಲ.

ನಾವು ಒಂದು ಸೆಂಟಿಮೀಟರಿಗೆ ಐದು ಕಿಲೋಮೀಟರ್ ಅಂತ ಇಟ್ಟುಕೊಂಡು ನಕ್ಷೆ ದೊಡ್ಡದು ಮಾಡಿ ರಟ್ಟಿನ ಮೇಲೆ ಇಳಿಸಿದೆವು. ಅಂದರೆ ರಟ್ಟಿನ ಒಂದು ಚದರ ಸೆಂಟಿಮೀಟರ್ ಅಂದರೆ ನೆಲದ ಮೇಲೆ 25 ಚದರ ಕಿಲೋಮೀಟರ್. ತೂಕದ ಬಟ್ಟುಗಳೂ ಅದೇ ರಟ್ಟಿನವೇ. ಐದು ಸೆಂಟಿಮೀಟರ್ ಬದಿಯ ದೊಡ್ಡ ಚೌಕ 625 ಚದರ ಕಿಲೋಮೀಟರ್, ಎರಡು ಸೆಂಟಿಮೀಟರಿನದು 100, ಒಂದು ಸೆಂಟಿಮೀಟರಿನದು 25. ಗ್ರಾಮಿನ ಗೊಡವೆಯೇ ಇಲ್ಲ. ಜಿಲ್ಲೆಯನ್ನು ನೇರವಾಗಿ ಚದರ ಕಿಲೋಮೀಟರಿನಲ್ಲೇ ತೂಗಬಹುದು.

ರಟ್ಟಿನ ಬಟ್ಟಿಗೆ ಇನ್ನೊಂದು ಲಾಭ ಇದೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿಕೊಂಡು ಭಾರ ಆಗುತ್ತದೆ. ಬಟ್ಟೂ ಅದೇ ರಟ್ಟಾದರೆ ಎರಡೂ ಒಟ್ಟಿಗೆ ಭಾರ ಆಗುತ್ತವೆ, ಲೆಕ್ಕ ಕೆಡುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎರಡು ಜಿಲ್ಲೆಯ ನಕ್ಷೆಗಳನ್ನು ಬೇರೆ ಬೇರೆ ಪುಟದಿಂದ ತೆಗೆಯಬೇಡಿ. ಪುಸ್ತಕದಲ್ಲಿ ಪ್ರತಿ ಜಿಲ್ಲೆಯನ್ನೂ ಪುಟ ತುಂಬುವ ಹಾಗೆ ಅಚ್ಚು ಹಾಕಿರುತ್ತಾರೆ, ಕೋಲಾರವೂ ತುಮಕೂರಿನಷ್ಟೇ ಕಾಣುತ್ತದೆ. ಉದ್ದದಲ್ಲಿ ಹತ್ತು ಪರ್ಸೆಂಟ್ ವ್ಯತ್ಯಾಸ ಆದರೆ ಜಾಗದಲ್ಲಿ ಇಪ್ಪತ್ತೊಂದು ಪರ್ಸೆಂಟ್ ಆಗುತ್ತದೆ. ಎರಡನ್ನೂ ಕರ್ನಾಟಕದ ಒಂದೇ ನಕ್ಷೆಯಿಂದ ತೆಗೆಯಿರಿ. ಆ ನಕ್ಷೆ 2007ಕ್ಕಿಂತ ಹಳೆಯದಾಗಿರಬಾರದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು ಆ ವರ್ಷ. ಹಳೇ ನಕ್ಷೆಯ ಕೋಲಾರ ಈಗಿನದಕ್ಕಿಂತ ಎರಡು ಪಟ್ಟು ದೊಡ್ಡದು.

ನಮ್ಮ ನಕ್ಷೆ ಹೊಸದೇ ಇತ್ತು, ಅಳತೆಯೂ ಒಂದೇ. ಹಾಗಾಗಿ ಅನುಮಾನ ತಕ್ಕಡಿಯ ಮೇಲೆ ಬಂತು.

ನಮ್ಮ ತಕ್ಕಡಿ

ಮೂವತ್ತು ಸೆಂಟಿಮೀಟರಿನ ಮರದ ಸ್ಕೇಲು. ಅದೇ ಕೋಲು. ನಡುವೆ ತೂತು ಕೊರೆದು, ದಬ್ಬಳ ತೂರಿಸಿ, ಎರಡು ಬೆಂಚಿನ ನಡುವೆ ಇಟ್ಟಿದ್ದು. ಎರಡು ತುದಿಗೆ ಕಚ್ಚು ಹಾಕಿ, ದಾರದ ಕುಣಿಕೆಯಲ್ಲಿ ಡಬ್ಬದ ಮುಚ್ಚಳ ನೇತು ಹಾಕಿದ್ದು. ಮುಳ್ಳಿನ ಬದಲು ಒಂದು ಪೊರಕೆ ಕಡ್ಡಿ, ನಡುವಿನಿಂದ ಕೆಳಕ್ಕೆ ಇಳಿಬಿಟ್ಟದ್ದು. ಅದರ ಹಿಂದೆ ಒಂದು ಗೆರೆ ಎಳೆದ ಕಾಗದ.

ಮಕ್ಕಳು ತುಮಕೂರನ್ನು ಎಡಗಡೆ ತಟ್ಟೆಗೆ ಹಾಕಿ, ಬಲಕ್ಕೆ ಚೌಕ ಹಾಕುತ್ತಾ ಹೋದರು. 8,525ಕ್ಕೆ ಸಮ ನಿಂತಿತು. ಆಮೇಲೆ ಇನ್ನೊಂದು ಗುಂಪು ಆ ಕಡೆ ಕೂತಿದ್ದರಿಂದ ಕೋಲಾರವನ್ನು ಬಲಗಡೆ ತಟ್ಟೆಗೆ ಹಾಕಿ, ಎಡಕ್ಕೆ ಚೌಕ ಹಾಕಿದರು. 4,300 ಬಂತು. ತುಮಕೂರು ಕಡಿಮೆ, ಕೋಲಾರ ಜಾಸ್ತಿ. ಎರಡು ತಪ್ಪು ಎದುರುಬದುರು ದಿಕ್ಕಿಗೆ ಹೋಗಿವೆ. ಈ ಲಕ್ಷಣವನ್ನು ನೆನಪಿಡಿ. ರಟ್ಟು ದಪ್ಪ ಇದ್ದರೆ ಅಥವಾ ಚೌಕ ಸಣ್ಣದಾಗಿದ್ದರೆ ಎರಡೂ ಒಂದೇ ಕಡೆಗೆ ತಪ್ಪಬೇಕಿತ್ತು.

ಖಾಲಿ ತಟ್ಟೆಯ ಪರೀಕ್ಷೆ, ಮತ್ತು ಅದು ಯಾಕೆ ಸಾಲದು

ಎಲ್ಲರೂ ಮೊದಲು ಮಾಡುವುದು ಇದನ್ನೇ. ತಟ್ಟೆ ಖಾಲಿ ಮಾಡಿ ಮುಳ್ಳು ನೋಡುವುದು. ನಮ್ಮದು ಗೆರೆಯ ಮೇಲೇ ನಿಂತಿತು. ಅಲ್ಲಾಡಿಸಿ ಬಿಟ್ಟರೂ ಅಲ್ಲಿಗೇ ಬಂತು.

"ತಕ್ಕಡಿ ಸರಿ ಇದೆ ಸಾರ್" ಅಂದರು ಮಕ್ಕಳು.

ಇಲ್ಲ. ಖಾಲಿ ಇದ್ದಾಗ ಸಮ ನಿಂತರೆ ಗೊತ್ತಾಗುವುದು ಒಂದೇ: ಖಾಲಿ ಇದ್ದಾಗ ಸಮ ಇದೆ ಅಂತ. ಒಂದು ಕಡೆ ತೋಳು (ದಬ್ಬಳದಿಂದ ಕುಣಿಕೆಯವರೆಗಿನ ಕೋಲು) ಗಿಡ್ಡ ಇದ್ದು, ಆ ಕಡೆಗೆ ಸ್ವಲ್ಪ ಭಾರ ಕಟ್ಟಿದ್ದರೂ ಸಮ ನಿಲ್ಲುತ್ತದೆ. ಸಾಮಾನು ಹಾಕಿದ ಮೇಲೇ ಸುಳ್ಳು ಹೊರಗೆ ಬರುವುದು. ಗಿಡ್ಡ ತೋಳಿನ ಕಡೆ ಹಾಕಿದ್ದು ಹಗುರ ಕಾಣುತ್ತದೆ, ಉದ್ದ ತೋಳಿನ ಕಡೆಯದು ಭಾರ ಕಾಣುತ್ತದೆ. ತೋಳು ಎಷ್ಟು ಉದ್ದವೋ ಅಷ್ಟು ಬಲ, ಏತದ ಮರದ ಹಾಗೆ.

ಇದನ್ನು ಹಿಡಿಯುವ ಪರೀಕ್ಷೆ ಬೇರೆ. ತಟ್ಟೆ ಅದಲು ಬದಲು ಮಾಡುವುದಲ್ಲ, ತಟ್ಟೆಯೊಳಗಿನ ಸಾಮಾನು ಅದಲು ಬದಲು ಮಾಡುವುದು.

ನಮ್ಮೂರಿನ ಅಕ್ಕಸಾಲಿಯೊಬ್ಬರು ಇದನ್ನು ಮಾಡುವುದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಹಳೇ ತ್ರಾಸು, ಎರಡು ಪುಟ್ಟ ಹಿತ್ತಾಳೆ ತಟ್ಟೆ. ಮೊದಲು ತಟ್ಟೆಗೆ ಉಫ್ ಅಂತ ಊದಿದರು. ದಾರಗಳನ್ನು ಬೆರಳಲ್ಲಿ ಸವರಿ ತಿರುಚು ಬಿಡಿಸಿದರು. ಮೂಗುತಿ ಒಂದು ಕಡೆ, ಗುಲಗಂಜಿ ಇನ್ನೊಂದು ಕಡೆ. ಸಮ ನಿಂತ ಮೇಲೆ ಮೂಗುತಿಯನ್ನು ಗುಲಗಂಜಿ ಇದ್ದ ತಟ್ಟೆಗೂ ಗುಲಗಂಜಿಗಳನ್ನು ಮೂಗುತಿ ಇದ್ದ ತಟ್ಟೆಗೂ ಹಾಕಿ ಮತ್ತೆ ಎತ್ತಿ ಹಿಡಿದರು. ಮತ್ತೆ ಸಮ. ಆಗಲೇ ಚೀಟಿಯಲ್ಲಿ ಬರೆದುಕೊಂಡದ್ದು. ಗುಲಗಂಜಿ ಅಂದರೆ ಸುಮಾರು 0.12 ಗ್ರಾಂ, 96 ಗುಲಗಂಜಿಗೆ ಒಂದು ತೊಲ. ಇಷ್ಟು ಸಣ್ಣ ತೂಕದಲ್ಲಿ ಬದುಕುವವರು ಒಂದು ಸಲದ ತೂಕವನ್ನು ನಂಬುವುದಿಲ್ಲ.

ನಾವೂ ಕೋಲಾರವನ್ನು ಬಲದಿಂದ ಎಡಕ್ಕೆ ಹಾಕಿದೆವು. 4,300 ಇದ್ದದ್ದು 3,675 ಆಯಿತು!

ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಅದೇ ರಟ್ಟು, ಅದೇ ಚೌಕ, ಅದೇ ತಕ್ಕಡಿ. ಜಾಗ ಬದಲಾದ ಮಾತ್ರಕ್ಕೆ ಕೋಲಾರ 625 ಚದರ ಕಿಲೋಮೀಟರ್ ಕಳೆದುಕೊಂಡಿತು.

ಇನ್ನೊಂದು ಸ್ಕೇಲು ಹಿಡಿದು ಅಳೆದೆವು. ದಬ್ಬಳದಿಂದ ಬಲಗಡೆ ಕುಣಿಕೆಗೆ 14.4 ಸೆಂಟಿಮೀಟರ್, ಎಡಗಡೆ ಕುಣಿಕೆಗೆ 13.3. ಎಡಗಡೆ ಕಚ್ಚು ಅಗಲವಾಗಿತ್ತು, ಕುಣಿಕೆ ಒಳಗೆ ಜಾರಿತ್ತು. ಕೋಲು ವಾಲಿದ್ದನ್ನು ನೋಡಿ ಯಾರೋ ಎಡಗಡೆ ತಟ್ಟೆಯ ಕೆಳಗೆ ಜೇಡಿಮಣ್ಣು ಮೆತ್ತಿ ಸಮ ಮಾಡಿದ್ದರು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಆದರೆ ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಹಾಕಿದ ಹಾಗಾಯಿತು. ನಿಮ್ಮ ತಕ್ಕಡಿಯ ತಟ್ಟೆ ಕೆಳಗೆ ಮೇಣ, ಮಣ್ಣು, ತಂತಿ ಏನಾದರೂ ಅಂಟಿದ್ದು ಕಂಡರೆ ಮೊದಲು ತೋಳು ಅಳೆಯಿರಿ.

ತೋಳು ಸರಿ ಮಾಡಲು ಆಗದಿದ್ದರೆ

ಸರಿ ಮಾಡುವುದು ಸುಲಭ: ಕಚ್ಚನ್ನು ಕಿರಿದು ಮಾಡಿ, ಕುಣಿಕೆಯನ್ನು ಅಂಟಿನಿಂದ ಗಟ್ಟಿ ಮಾಡಿ, ಆಮೇಲೆ ಮಣ್ಣು ಕಿತ್ತು ಸಮ ನೋಡಿ. ಆದರೆ ಕೆಲವೊಮ್ಮೆ ಕೈಗೆ ಸಿಕ್ಕ ತಕ್ಕಡಿಯೇ ಅಂಥದ್ದು, ಬಿಚ್ಚಲು ಆಗಲ್ಲ. ಆಗಲೂ ಅದರಿಂದ ಸರಿ ಉತ್ತರ ತೆಗೆಯಬಹುದು. ನನಗೆ ಈ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಮೊದಲ ದಾರಿ, ಎರಡು ಕಡೆಯೂ ತೂಗಿ, ಬಂದ ಎರಡು ಅಂಕಿಗಳನ್ನು ಗುಣಿಸಿ, ವರ್ಗಮೂಲ ತೆಗೆಯುವುದು. 4,300 ಗುಣಿಸು 3,675, ಅದರ ವರ್ಗಮೂಲ 3,975. ಪುಸ್ತಕದ 3,969ಕ್ಕೆ ಎಷ್ಟು ಹತ್ತಿರ ನೋಡಿ. ಒಂದು ಕಡೆ ಉದ್ದ ತೋಳು ಎಷ್ಟು ಪಟ್ಟು ಹೆಚ್ಚು ತೋರಿಸಿತೋ, ಇನ್ನೊಂದು ಕಡೆ ಅಷ್ಟೇ ಪಟ್ಟು ಕಡಿಮೆ ತೋರಿಸುತ್ತದೆ, ಗುಣಿಸಿದಾಗ ಎರಡೂ ಹೊಡೆದುಹೋಗುತ್ತವೆ. ಸುಮ್ನೆ ಸರಾಸರಿ ತೆಗೆದರೆ? 3,987 ಬರುತ್ತದೆ, ಇಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ತೋಳು ತುಂಬಾ ಏರುಪೇರಾಗಿದ್ದರೆ ಸರಾಸರಿ ಕೈ ಕೊಡುತ್ತದೆ. ಒಂದು ಕಡೆ 9, ಒಂದು ಕಡೆ 4 ಬಂದರೆ ನಿಜವಾದ ತೂಕ 6, ಆರೂವರೆ ಅಲ್ಲ.

ಎರಡನೇ ದಾರಿಗೆ ಲೆಕ್ಕವೇ ಬೇಡ. ಒಂದು ತಟ್ಟೆಗೆ ಸಾಮಾನು ಹಾಕಿ, ಇನ್ನೊಂದಕ್ಕೆ ಮರಳು ಸುರಿದು ಸಮ ಮಾಡಿ. ಮರಳನ್ನು ಮುಟ್ಟಬೇಡಿ. ಸಾಮಾನು ತೆಗೆದು, ಅದೇ ತಟ್ಟೆಗೆ ಬಟ್ಟು ಹಾಕುತ್ತಾ ಮತ್ತೆ ಸಮ ಮಾಡಿ. ಆ ಬಟ್ಟುಗಳ ತೂಕವೇ ಸಾಮಾನಿನ ತೂಕ. ತೋಳು ಉದ್ದ ಗಿಡ್ಡ ಇರಲಿ, ತಟ್ಟೆ ಕೆಳಗೆ ಮಣ್ಣೇ ಮೆತ್ತಿರಲಿ, ಸಾಮಾನೂ ಬಟ್ಟೂ ಕೂತದ್ದು ಒಂದೇ ಜಾಗದಲ್ಲಿ ತಾನೇ? ಫ್ರಾನ್ಸಿನ ಬೋರ್ಡಾ ಅನ್ನುವವರ ಹೆಸರಿನಲ್ಲಿ ಈ ಕ್ರಮ ಇದೆ. ಮನೆಯಲ್ಲಿ ಮಾಡಿದ ತಕ್ಕಡಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಗೊತ್ತಿಲ್ಲ.

ಇನ್ನೂ ಒಂದು ಮಾತು. ಮಕ್ಕಳು ತುಮಕೂರು, ಕೋಲಾರ ಎರಡನ್ನೂ ಒಂದೇ ತಟ್ಟೆಯಲ್ಲಿ ತೂಗಿದ್ದರೆ ಏನಾಗುತ್ತಿತ್ತು? ಎರಡೂ ಒಂದೇ ಪಟ್ಟು ತಪ್ಪುತ್ತಿದ್ದವು. ಭಾಗಿಸಿದಾಗ ತೋಳಿನ ತಪ್ಪು ಮಾಯ. ನಿಮಗೆ ಬೇಕಾದ್ದು ಹೋಲಿಕೆ ಮಾತ್ರ ಆದರೆ, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ತೂಗುವ ಅಭ್ಯಾಸ ಇಟ್ಟುಕೊಳ್ಳಿ.

ಮುಳ್ಳು ಎಲ್ಲೆಂದರಲ್ಲಿ ನಿಂತರೆ

ಕುಣಿಕೆ ಸರಿ ಮಾಡಿದ ಮೇಲೆ ಹೊಸ ತೊಂದರೆ ಕಂಡಿತು. ಎಡಕ್ಕೆ ಒತ್ತಿ ಬಿಟ್ಟರೆ ಮುಳ್ಳು ಗೆರೆಯ ಎಡಕ್ಕೆ ನಿಲ್ಲುತ್ತದೆ, ಬಲಕ್ಕೆ ಒತ್ತಿ ಬಿಟ್ಟರೆ ಬಲಕ್ಕೆ. ಮೊದಲೂ ಇದ್ದಿರಬೇಕು, ತಟ್ಟೆ ಖಾಲಿ ಇದ್ದಾಗ ಕಂಡಿರಲಿಲ್ಲ. ಇದು ಉಜ್ಜುವಿಕೆ. ದಬ್ಬಳ ಮರದ ತೂತಿನೊಳಗೆ ಕಚ್ಚಿಕೊಳ್ಳುತ್ತಿತ್ತು. ಹಳೇ ಕಬ್ಬಿಣದ ತಕ್ಕಡಿಗಳಲ್ಲಿ ನಡುವಿನ ಅಲಗು ತುಕ್ಕು ಹಿಡಿದಾಗ ಅಥವಾ ಸವೆದು ಮೊಂಡಾದಾಗ ಕಾಣುವ ಲಕ್ಷಣವೂ ಇದೇ.

ಪರಿಹಾರಕ್ಕೆ ಒಂದು ದಿನ ಹೋಯಿತು. ದಬ್ಬಳವನ್ನು ಕೋಲಿಗೇ ಅಂಟಿನಿಂದ ಗಟ್ಟಿ ಮಾಡಿ, ಅದರ ಎರಡು ತುದಿಯನ್ನು ಎರಡು ಗಾಜಿನ ಲೋಟದ ಅಂಚಿನ ಮೇಲೆ ಕೂರಿಸಿದೆವು. ಲೋಟಗಳನ್ನು ಬೆಂಚಿನ ತುದಿಗೆ ಇಟ್ಟು, ಕೋಲು ನಡುವೆ ತೂಗಾಡಲು ಜಾಗ ಬಿಟ್ಟೆವು. ಗಾಜು ನುಣುಪು, ದಬ್ಬಳ ಗಟ್ಟಿ. ಈಗ ಯಾವ ಕಡೆ ಒತ್ತಿ ಬಿಟ್ಟರೂ ಮುಳ್ಳು ಒಂದೇ ಕಡೆಗೆ ಬರುತ್ತದೆ. ಓದುವಾಗ ಅದು ಪೂರ್ತಿ ನಿಲ್ಲಲಿ ಅಂತ ಕಾಯಬೇಡಿ. ಗೆರೆಯ ಎರಡು ಕಡೆಗೂ ಸಮವಾಗಿ ತೂಗಾಡುತ್ತಿದ್ದರೆ ಸಾಕು. ತೂಗಾಡುತ್ತಿರುವ ಮುಳ್ಳು ಕಚ್ಚಿಕೊಂಡಿಲ್ಲ ಅಂತ ಗೊತ್ತಾಗುತ್ತದಲ್ಲ.

ತೂತಿನ ಎತ್ತರವೂ ಮುಖ್ಯ. ದಬ್ಬಳದ ತೂತು, ಎರಡು ತುದಿಯ ಕುಣಿಕೆಗಳಿಗಿಂತ ಕೂದಲೆಳೆಯಷ್ಟು ಮೇಲೆ ಇರಬೇಕು. ಕೆಳಗೆ ಇದ್ದರೆ ಭಾರ ಹಾಕಿದ ಕೂಡಲೇ ಕೋಲು ಒಂದು ಕಡೆಗೆ ಮಗುಚಿಬಿಡುತ್ತದೆ, ಸಮ ನಿಲ್ಲುವುದೇ ಇಲ್ಲ. ತುಂಬಾ ಮೇಲೆ ಇದ್ದರೆ ತಕ್ಕಡಿ ಮಂದ, ಒಂದು ಚೌಕ ಹಾಕಿದರೂ ಅಲ್ಲಾಡುವುದಿಲ್ಲ. ಮಗುಚುವ ತಕ್ಕಡಿ ಮಾಡಿದವರು "ಭಾರ ಜಾಸ್ತಿ ಆಯ್ತು" ಅಂದುಕೊಳ್ಳುತ್ತಾರೆ. ಭಾರ ಅಲ್ಲ, ತೂತಿನ ಜಾಗ ಸರಿ ಇಲ್ಲ.

ಫ್ಯಾನು ಆರಿಸಿ. ಇದಕ್ಕೆ ವಿವರಣೆ ಬೇಕಿಲ್ಲ.

ಬಟ್ಟೇ ಸುಳ್ಳು ಹೇಳಿದರೆ

ಬಿ ಸೆಕ್ಷನ್ನಿನ ಮಕ್ಕಳು ತಮ್ಮದೇ ಚೌಕ ಕತ್ತರಿಸಿಕೊಂಡು ಬಂದರು. ಹದಿನೆಂಟು ದೊಡ್ಡ ಚೌಕ. ಅವರಿಗೆ ಕೋಲಾರ ಒಂದು ಸಲ ಒಂದು ಉತ್ತರ, ಇನ್ನೊಂದು ಸಲ ಇನ್ನೊಂದು ಉತ್ತರ ಕೊಡುತ್ತಿತ್ತು. ತಕ್ಕಡಿ ಒಂದೇ, ಕೋಲಾರ ಒಂದೇ. ಬದಲಾಗುತ್ತಿದ್ದದ್ದು ಯಾವ ಆರು ಚೌಕ ಕೈಗೆ ಸಿಕ್ಕವು ಅನ್ನುವುದು ಮಾತ್ರ. ಕೇಳಿದಾಗ ಗೊತ್ತಾಯಿತು, ಒಂದು ಚೌಕ ಕಳೆದುಹೋಗಿತ್ತು, ಮನೆಯಲ್ಲಿದ್ದ ಸೀರೆ ಡಬ್ಬಿಯ ದಪ್ಪ ರಟ್ಟಿನಿಂದ ಅದನ್ನು ಕತ್ತರಿಸಿದ್ದರು. ಎಲ್ಲಕ್ಕೂ ಬಣ್ಣ ಹಚ್ಚಿದ್ದರಿಂದ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ.

ಹದಿನೆಂಟರಲ್ಲಿ ಭಾರ ಇರುವ ಒಂದನ್ನು ಹುಡುಕಬೇಕು. ಒಂದೊಂದಾಗಿ ಹೋಲಿಸುತ್ತಾ ಕೂತರೆ ಪೀರಿಯಡ್ ಮುಗಿದುಹೋಗುತ್ತದೆ. ಮೂರು ತೂಕ ಸಾಕು. ಆರು ಒಂದು ಕಡೆ, ಆರು ಒಂದು ಕಡೆ, ಆರು ಮೇಜಿನ ಮೇಲೆ. ಎಡ ಇಳಿದರೆ ಕಳ್ಳ ಎಡದಲ್ಲಿ, ಬಲ ಇಳಿದರೆ ಬಲದಲ್ಲಿ, ಸಮ ಇದ್ದರೆ ಮೇಜಿನ ಮೇಲೆ. ಸಿಕ್ಕ ಆರನ್ನು ಎರಡೆರಡಾಗಿ ಮಾಡಿ ಹಾಗೇ. ಉಳಿದ ಎರಡನ್ನು ಎದುರುಬದುರು. ಮಕ್ಕಳಿಗೆ ಈ ಆಟ ಜಿಲ್ಲೆ ತೂಗುವುದಕ್ಕಿಂತ ಹಿಡಿಸಿತು. ಮೇಜಿನ ಮೇಲೆ ಬಿಟ್ಟ ಚೌಕಗಳನ್ನೂ ಒಂದು ಬಗೆಯಲ್ಲಿ ತೂಗಿದ ಹಾಗೇ ಅಲ್ವಾ ಅಂತ ಒಬ್ಬ ಹುಡುಗ ಕೇಳಿದ. ಹೌದು, ತಕ್ಕಡಿಯ ಪ್ರತಿ ತೂಕಕ್ಕೂ ಮೂರು ಉತ್ತರ ಇವೆ, ಎಡ, ಬಲ, ಸಮ. ಆ ಮೂರನ್ನೂ ದುಡಿಸಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ.

ನಾಣ್ಯವನ್ನು ಬಟ್ಟು ಮಾಡಿಕೊಳ್ಳುವವರಿಗೂ ಇದೇ ಕಾಯಿಲೆ ಬರುತ್ತದೆ. ಐದು ರೂಪಾಯಿ ಅಂದರೆ ಐದು ರೂಪಾಯಿ, ಆದರೆ ತೂಕ ಒಂದೇ ಅಲ್ಲ. ಹಳೇ ದಪ್ಪ ನಾಣ್ಯ 9 ಗ್ರಾಂ, 2011ರ ಸರಣಿಯದು 6 ಗ್ರಾಂ, 2019ರ ಸರಣಿಯದು 6.74 ಗ್ರಾಂ. ಕೈಗೆ ಸಿಕ್ಕದ್ದನ್ನೆಲ್ಲ ಬೆರೆಸಿ ಎಣಿಸಿದರೆ ಲೆಕ್ಕ ಕೆಟ್ಟ ಹಾಗೇ. ನಾಣ್ಯಗಳನ್ನು ಮೊದಲು ಒಂದಕ್ಕೊಂದು ತೂಗಿ ಜೋಡಿ ಮಾಡಿಕೊಳ್ಳಿ. ಸಣ್ಣ ತೂಕ ಬೇಕಾದರೆ ಜೆರಾಕ್ಸ್ ಹಾಳೆ ಇದೆ. ಪೊಟ್ಟಣದ ಮೇಲೆ 75 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ) ಅಂತ ಇದ್ದರೆ ಒಂದು ಎ4 ಹಾಳೆ 4.68 ಗ್ರಾಂ. ಅರ್ಧ ಅರ್ಧ ಮಡಚುತ್ತಾ ಹದಿನಾರು ತುಂಡು ಮಾಡಿದರೆ ಒಂದೊಂದು 0.29 ಗ್ರಾಂ. 70 ಜಿಎಸ್‌ಎಂ ಹಾಳೆ ಬೆರೆಸಬೇಡಿ, ಅದು 4.37 ಗ್ರಾಂ ಮಾತ್ರ.

ಎಲ್ಲಾ ಸರಿ ಮಾಡಿದರೂ ಉತ್ತರ ತಪ್ಪು

ನಾಲ್ಕನೇ ದಿನ. ತೋಳು ಸರಿ, ದಬ್ಬಳ ಸರಿ, ಚೌಕ ಸರಿ. ಕೋಲಾರ 3,950 ಬಂತು, ಯಾವ ತಟ್ಟೆಗೆ ಹಾಕಿದರೂ ಅಷ್ಟೇ. ತುಮಕೂರು ಸುಮಾರು 9,225. ಭಾಗಿಸಿದರೆ 2.34. ಇನ್ನೂ 2.67 ಇಲ್ಲ.

ನಾನು ಮತ್ತೆ ತೋಳು ಅಳೆದೆ. ಲೋಟದ ಅಂಚು ಒರೆಸಿದೆ. ಕೋಲಾರ ಸರಿ ಬಂದು ತುಮಕೂರು ಮಾತ್ರ ತಪ್ಪುವುದಾದರೆ ಅದು ತಕ್ಕಡಿಯ ತಪ್ಪು ಹೇಗಾಗುತ್ತದೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ಒಂದು ವಸ್ತುವಿಗೆ ಮಾತ್ರ ತಪ್ಪು ಅಂಟಿಕೊಂಡಿದ್ದರೆ ಆ ವಸ್ತುವನ್ನು ನೋಡಬೇಕು.

ನೋಡಿದವಳು ಒಬ್ಬ ಹುಡುಗಿ. ತಟ್ಟೆಯಿಂದ ತುಮಕೂರನ್ನು ಕೈಗೆತ್ತಿಕೊಂಡು, ಈ ಕಡೆ ಆ ಕಡೆ ತಿರುಗಿಸಿ, "ಸಾರ್, ಇದರಲ್ಲಿ ನಮ್ಮಜ್ಜಿ ಊರೇ ಇಲ್ಲ" ಅಂದಳು.

"ಯಾವೂರಮ್ಮ?"

"ಪಾವಗಡ ಸಾರ್. ಬಸ್ಸಲ್ಲಿ ಹೋಗೋವಾಗ ಮಧ್ಯ ಆಂಧ್ರ ಬರುತ್ತಲ್ಲ, ಅದಾದ್ಮೇಲೆ."

ಮಧುಗಿರಿಯಿಂದ ಪಾವಗಡಕ್ಕೆ ಹೋದವರಿಗೆ ಇದು ಗೊತ್ತು. ನಡುವೆ ಆಂಧ್ರದ ಮಡಕಶಿರಾ ದಾಟಬೇಕು. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಯ ಉಳಿದ ಭಾಗಕ್ಕೆ ತಾಗುವುದೇ ಇಲ್ಲ. ಸುತ್ತ ಬಹುಪಾಲು ಆಂಧ್ರ, ಪಶ್ಚಿಮಕ್ಕೆ ಚಿತ್ರದುರ್ಗ ಜಿಲ್ಲೆ. ನಕ್ಷೆಯಲ್ಲಿ ಅದು ಬೇರೆಯೇ ಒಂದು ತುಂಡು. ಗೆರೆಯ ಮೇಲೆ ಕತ್ತರಿ ಆಡಿಸುತ್ತಾ ಬಂದವರಿಗೆ ತುಮಕೂರು ಒಂದು ಸುತ್ತು ಮುಗಿದು ಕೈಗೆ ಬಂತು. ಪಾವಗಡ ಉಳಿದ ರಟ್ಟಿನ ಚೂರುಗಳ ಜೊತೆ ಕಸದ ಬುಟ್ಟಿ ಸೇರಿತ್ತು.

ದಿನಾ ಆ ದಾರಿಯ ಬಸ್ಸು ನೋಡುವ ಊರಿನಲ್ಲಿ ಇದ್ದುಕೊಂಡು ನಾನು ಅದನ್ನು ಕಾಣಲಿಲ್ಲ.

ಬುಟ್ಟಿ ಖಾಲಿಯಾಗಿತ್ತು, ಅದೇ ರಟ್ಟಿನಲ್ಲಿ ಮತ್ತೆ ಪಾವಗಡ ಕತ್ತರಿಸಿದೆವು. ಅದನ್ನಷ್ಟೇ ತೂಗಿದರೆ ಎರಡು ದೊಡ್ಡ ಚೌಕ, ಒಂದು 100ರ ಚೌಕ. ನಮ್ಮ ತಕ್ಕಡಿಯ ಲೆಕ್ಕದಲ್ಲಿ ಜಿಲ್ಲೆಯ ಎಂಟರಲ್ಲಿ ಒಂದು ಪಾಲು. ಎರಡನ್ನೂ ಒಟ್ಟಿಗೆ ಹಾಕಿದಾಗ ಹದಿನೇಳು ದೊಡ್ಡ ಚೌಕ ಸ್ವಲ್ಪ ಜಾಸ್ತಿ ಆಯಿತು, ಹದಿನಾರು ಸಾಲದು. ಚಿಲ್ಲರೆ ಚೌಕ ಹುಡುಕುವ ಬದಲು ತುಮಕೂರಿನ ಕಡೆಗೇ ಒಂದು 100ರ ಚೌಕ ಹಾಕಿದೆವು, ಸಮ ನಿಂತಿತು. ಅಂದರೆ 10,625ರಲ್ಲಿ 100 ಕಳೆದು 10,525. ಸಾಮಾನಿನ ಕಡೆ ಹಾಕಿದ ಬಟ್ಟು ಕಳೆಯುವ ಲೆಕ್ಕ. ಈ ಒಂದು ಉಪಾಯ ಗೊತ್ತಿದ್ದರೆ 1, 3, 9, 27 ಅನ್ನುವ ನಾಲ್ಕೇ ಬಟ್ಟಿನಲ್ಲಿ ಒಂದರಿಂದ ನಲವತ್ತರವರೆಗೆ ಯಾವ ಪೂರ್ಣ ತೂಕವನ್ನಾದರೂ ತೂಗಬಹುದು. ಐದು ಬೇಕಾದರೆ 9 ಆ ಕಡೆ, 3 ಮತ್ತು 1 ಈ ಕಡೆ.

10,525ನ್ನು 3,950ರಿಂದ ಭಾಗಿಸಿದೆವು. 2.66.

ತಕ್ಕಡಿ ಸರಿ ಇದ್ದೂ ಕೆಟ್ಟ ಹಾಗೆ ಕಾಣುವುದು

ಇದೇ ತಕ್ಕಡಿಯಲ್ಲಿ ಆಮೇಲೆ ಬೇರೆ ಬೇರೆ ಹೋಲಿಕೆ ಮಾಡಿದೆವು. ಕಡಲೆಕಾಯಿ ಸುಲಿದು ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕಿ, ಕಾಯಿ ಎಷ್ಟು ಗಟ್ಟಿ ಅಂತ ನೋಡಿದೆವು. ಚೆನ್ನಾಗಿ ಬಲಿತು ಒಣಗಿದ ಕಾಯಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೀಜ ಇರುತ್ತದೆ, ಅಂದರೆ ಬೀಜ ಸಿಪ್ಪೆಯ ಎರಡು ಪಟ್ಟಿಗಿಂತ ಜಾಸ್ತಿ. ಹೊಲದಿಂದ ಆಗ ತಾನೇ ಕಿತ್ತು ತಂದ ಕಾಯಿಯನ್ನು ಮರಳಿಗೆ ಸಮ ಮಾಡಿ ಇಟ್ಟು ಮನೆಗೆ ಹೋದೆವು. ಮಾರನೇ ದಿನ ಕಾಯಿಯ ತಟ್ಟೆ ಮೇಲೇರಿತ್ತು. "ಮತ್ತೆ ಕೆಟ್ಟಿದೆ ಸಾರ್" ಅಂದರು. ಕೆಟ್ಟಿರಲಿಲ್ಲ. ಕಾಯಿ ಒಣಗಿತ್ತು, ನೀರು ಹೋಗಿತ್ತು. ಮುಳ್ಳು ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯುತ್ತಾ ಹೋದರೆ ತಕ್ಕಡಿಯನ್ನು ಬೈಯುವ ಮೊದಲು ತಟ್ಟೆಯಲ್ಲಿರುವುದನ್ನು ಮುಟ್ಟಿ ನೋಡಿ.

ಬಿಸಿಯದೂ ಹಾಗೆಯೇ. ಬಿಸಿಯೂಟದ ದಿನ ಒಬ್ಬ ಆಗ ತಾನೇ ಕಟ್ಟಿದ ರಾಗಿಮುದ್ದೆಯನ್ನೂ ಆರಿದ ಮುದ್ದೆಯನ್ನೂ ಎದುರುಬದುರು ಇಟ್ಟ. ಸಮ ಮಾಡಿದ ಸ್ವಲ್ಪ ಹೊತ್ತಿಗೆ ಬಿಸಿ ಮುದ್ದೆ ಹಗುರ ಆಗುತ್ತಾ ಬಂತು. ಹಬೆಯಾಗಿ ನೀರು ಹೋಗುತ್ತಿರುತ್ತದೆ, ಜೊತೆಗೆ ಬಿಸಿ ಗಾಳಿ ಮೇಲೇಳುವಾಗ ತಟ್ಟೆಯನ್ನೂ ಸ್ವಲ್ಪ ಎತ್ತುತ್ತದೆ. ನಿಖರವಾಗಿ ತೂಗಬೇಕಾದ್ದನ್ನು ಆರಲು ಬಿಡಿ.

ತಟ್ಟೆಯ ಅಂಚಿಗೆ ಇಟ್ಟರೆ ಒಂದು, ನಡುವೆ ಇಟ್ಟರೆ ಒಂದು ತೂಕ ಬರುತ್ತಿದ್ದರೆ ಕುಣಿಕೆ ಸಡಿಲ ಇಲ್ಲ ಅಂತ ಅರ್ಥ. ಸಡಿಲವಾಗಿ ನೇತಾಡುವ ತಟ್ಟೆಗೆ ಎಲ್ಲಿಟ್ಟರೂ ಒಂದೇ.

ಕೊನೆಯ ಪರೀಕ್ಷೆ: ಎಷ್ಟು ಸಣ್ಣದನ್ನು ನಂಬಬಹುದು

ಇದನ್ನು ಕೊನೆಗೆ ಮಾಡಿದೆವು, ಮೊದಲೇ ಮಾಡಬೇಕಿತ್ತು. ಎರಡು ಕಡೆಯೂ ಪೂರ್ತಿ ಭಾರ ಇದ್ದು ಸಮ ನಿಂತಾಗ, ಒಂದು ಕಡೆಗೆ ಅತಿ ಸಣ್ಣ ಬಟ್ಟು ಹಾಕಿ ಮುಳ್ಳು ಸರಿಯುತ್ತದಾ ನೋಡುವುದು. ಸರಿಯದಿದ್ದರೆ ಅದಕ್ಕಿಂತ ಸಣ್ಣ ವ್ಯತ್ಯಾಸದ ಬಗ್ಗೆ ನಿಮ್ಮ ತಕ್ಕಡಿಗೆ ಏನೂ ಹೇಳಲು ಬರುವುದಿಲ್ಲ. ಖಾಲಿ ತಟ್ಟೆಯಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ, ಭಾರ ಹೆಚ್ಚಿದಂತೆ ದಬ್ಬಳದ ಮೇಲಿನ ಉಜ್ಜುವಿಕೆಯೂ ಹೆಚ್ಚುತ್ತದೆ.

ಪಾವಗಡದ ತಿರುಮಣಿ ಸುತ್ತಮುತ್ತ ಸೋಲಾರ್ ಪಾರ್ಕ್ ಇದೆಯಲ್ಲ, 13,000 ಎಕರೆಯದು, 2,050 ಮೆಗಾವಾಟಿನದು. ಎಕರೆಯನ್ನು ಚದರ ಕಿಲೋಮೀಟರಿಗೆ ತಂದರೆ ಸುಮಾರು 52.6. ನಮ್ಮ ರಟ್ಟಿನಲ್ಲಿ ಒಂದು ಸೆಂಟಿಮೀಟರಿನ ಎರಡು ಚೌಕ. ಆ ಹುಡುಗಿಯೇ ಅವೆರಡನ್ನು ಬೆರಳ ತುದಿಯಲ್ಲಿ ಎತ್ತಿ, ತಟ್ಟೆಯಲ್ಲಿದ್ದ ಪಾವಗಡದ ಮೇಲೆ ಇಟ್ಟಳು. ಎಲ್ಲರೂ ಪೊರಕೆ ಕಡ್ಡಿಯ ತುದಿಯನ್ನೇ ನೋಡುತ್ತಿದ್ದೆವು. ಅದು ಗೆರೆಯಿಂದ ಒಂದು ಅಕ್ಕಿಕಾಳಿನ ದಪ್ಪದಷ್ಟು ಸರಿಯಿತು. ಒಂದು ಚೌಕ ತೆಗೆದು ನೋಡಿದೆವು, ಮುಳ್ಳು ಗೆರೆಗೇ ವಾಪಸು ಬಂತು. ಹಾಗಾಗಿ ನಮ್ಮ ನೋಟ್ ಬುಕ್ಕಿನಲ್ಲಿ ತುಮಕೂರಿನ ಮುಂದೆ ಹೀಗೆ ಬರೆದಿದ್ದೇವೆ: 10,525, ಐವತ್ತು ಹೆಚ್ಚು ಕಡಿಮೆ, ಕತ್ತರಿಯ ತಪ್ಪು ಬೇರೆ.